ಬಿದಿರಿನ ಮೇಲೆ ಮೂರು ಗೆರೆ

ಮಕ್ಕಳೇ, ಕರಡಿ ಎಂದರೆ ನಿಮಗೆ ಭಯವಿರಬಹುದು. ಈ ಕತೆಯಲ್ಲಿ ಭಯ ಹಿಡಿದದ್ದು ಕರಡಿಗಳಿಗೇ. ಅದೂ ತಮ್ಮ ಪುಟ್ಟ ಮಗಳನ್ನು ನೋಡಿ.

ಮರಡಿಹಳ್ಳದ ಕಾಡಿನಲ್ಲಿ ಒಂದು ದೊಡ್ಡ ಬಂಡೆ, ಬಂಡೆಯ ಕೆಳಗೊಂದು ಗವಿ, ಗವಿಯ ಮುಂದೆ ಬಿದಿರ ಮೆಳೆ. ಅಲ್ಲಿ ಬೋರಪ್ಪ ಎಂಬ ಕರಡಿ, ಅವನ ಹೆಂಡತಿ ದ್ಯಾಮವ್ವ, ಅವರ ಒಬ್ಬಳೇ ಮಗಳು ಉಂಡಿ ವಾಸವಾಗಿದ್ದರು. ಉಂಡಿಗೆ ಆಗಿನ್ನೂ ಆರೇಳು ತಿಂಗಳು. ಕರಡಿಗಳಲ್ಲಿ ಅದು ನಿಮ್ಮ ಮನೆಯ ಎರಡು ವರ್ಷದ ಮಗುವಿನ ವಯಸ್ಸು. ಬೇಕೆನಿಸಿದಾಗ ನಡೆಯುತ್ತಿದ್ದಳು, ಬೇಡವೆನಿಸಿದಾಗ ಅಮ್ಮನ ಬೆನ್ನೇರುತ್ತಿದ್ದಳು. ಹುತ್ತ ಕಂಡರೆ ಮೂತಿ ತೂರಿಸಿ ಗೆದ್ದಲು ಹೀರುತ್ತಿದ್ದಳು, ಜೇನು ಸಿಕ್ಕರೆ ಮೈಗೆಲ್ಲ ಮೆತ್ತಿಕೊಳ್ಳುತ್ತಿದ್ದಳು. ಯಾರಿಗೂ ಏನೂ ತೊಂದರೆ ಇರಲಿಲ್ಲ.

ತೊಂದರೆ ಶುರುವಾದದ್ದು ಹಳ್ಳದ ದಂಡೆಯಲ್ಲಿ. ಮಳೆಗಾಲದ ಒಂದು ಬೆಳಿಗ್ಗೆ ಗಂಗಕ್ಕ ಎಂಬ ಕಡವೆ ತನ್ನ ಮರಿಯನ್ನು ಕರೆದುಕೊಂಡು ನೀರು ಕುಡಿಯಲು ಬಂದಿದ್ದಳು. ಕಡವೆ ಎಂದರೆ ಜಿಂಕೆಯ ಬಳಗದಲ್ಲಿ ದೊಡ್ಡ ಜಾತಿ. ಅದರ ಮರಿಗೆ ಮೈಗಿಂತ ಕಾಲೇ ಹೆಚ್ಚು. ಗಂಗಕ್ಕ ಉಂಡಿಯನ್ನು ನೋಡಿದಳು, ತನ್ನ ಮರಿಯನ್ನು ನೋಡಿದಳು, ಮತ್ತೆ ಉಂಡಿಯನ್ನು ನೋಡಿದಳು.

"ದ್ಯಾಮವ್ವ, ತಪ್ಪು ತಿಳಿಯಬೇಡ. ನಮ್ಮವನು ನಿನ್ನ ಮಗಳಿಗಿಂತ ಎರಡು ತಿಂಗಳು ಚಿಕ್ಕವನು. ಇವಳು ಇನ್ನೂ ಇಷ್ಟೇ ಇದ್ದಾಳಲ್ಲ. ಯಾರಿಗಾದರೂ ತೋರಿಸಿದಿರಾ?"

ತಪ್ಪು ತಿಳಿಯಬೇಡ ಎಂದು ಶುರುವಾಗುವ ಮಾತನ್ನು ತಪ್ಪು ತಿಳಿಯದೆ ಇರುವುದು ಕಷ್ಟ. ನಾವು ಕರಡಿಗಳು, ನೀವು ಕಡವೆಗಳು ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ದ್ಯಾಮವ್ವನಿಗೆ ಅದು ಹೊಳೆಯಲೇ ಇಲ್ಲ. ನೀರನ್ನೂ ಕುಡಿಯದೆ ಮಗಳನ್ನು ಬೆನ್ನಿಗೇರಿಸಿಕೊಂಡು ಗವಿಗೆ ಬಂದುಬಿಟ್ಟಳು.

ಬೋರಪ್ಪ ಮೊದಲು ನಕ್ಕ. ಸ್ವಲ್ಪ ಹೊತ್ತಿನ ಮೇಲೆ ಉಂಡಿಯನ್ನು ಪಕ್ಕದಿಂದ ನೋಡಿದ, ಹಿಂದಿನಿಂದ ನೋಡಿದ. ಆಮೇಲೆ ಅವನ ನಗು ನಿಂತಿತು. ಸುಮ್ಮನೆ ಕಣ್ಣಳತೆಯಲ್ಲಿ ಹೇಳುವುದು ಬೇಡ, ಎಂಟು ದಿನಕ್ಕೊಮ್ಮೆ ಅಳೆದು ನೋಡೋಣ ಎಂದ. ಇಲ್ಲಿಯವರೆಗೂ ಅವನು ಹೇಳಿದ್ದು ಸರಿಯೇ.

ಎಲ್ಲಿ ಅಳೆಯುವುದು ಎಂಬಲ್ಲಿ ಎಡವಟ್ಟಾಯಿತು. ಬಂಡೆಯ ಮೇಲೆ ಉಗುರಿನ ಗೆರೆ ಮೂಡಲಿಲ್ಲ. ಹೊನ್ನೆ ಮರದ ತೊಗಟೆ ಒರಟು, ಗೆರೆ ಕಾಣುವುದಿಲ್ಲ. ಗವಿಯ ಬಾಗಿಲಲ್ಲೇ ಹೊಸದಾಗಿ ಎದ್ದ ಎಳೆಯ ಬಿದಿರೊಂದು ನೆಟ್ಟಗೆ, ನುಣ್ಣಗೆ ನಿಂತಿತ್ತು. ಬೋರಪ್ಪ ತನ್ನ ಬುದ್ಧಿಗೆ ತಾನೇ ತಲೆದೂಗಿ, ಉಂಡಿಯನ್ನು ಹಿಂಗಾಲ ಮೇಲೆ ನಿಲ್ಲಿಸಿ, ಬೆನ್ನನ್ನು ಬಿದಿರಿಗೆ ತಾಗಿಸಿ, ನೆತ್ತಿಗೆ ಸರಿಯಾಗಿ ಒಂದು ಗೆರೆ ಎಳೆದ.

ನಿಮಗೆ ಈಗಲೇ ನಗು ಬಂದಿದ್ದರೆ ತಡೆದುಕೊಳ್ಳಿ. ಬೋರಪ್ಪನಿಗೆ ಬಂದಿರಲಿಲ್ಲ.

ಎಂಟು ದಿನ ಕಳೆದು ಉಂಡಿಯನ್ನು ಮತ್ತೆ ಅಲ್ಲೇ ನಿಲ್ಲಿಸಿದರು. ಹಳೆಯ ಗೆರೆ ಅವಳ ನೆತ್ತಿಗಿಂತ ಒಂದು ಗೇಣು ಮೇಲಿತ್ತು. ಬೋರಪ್ಪ ಅವಳನ್ನು ಹಿಡಿದು ನೆಟ್ಟಗೆ ಮಾಡಿದ, ಗಲ್ಲ ಎತ್ತಿಸಿದ, ಕಾಲು ಜೋಡಿಸಿದ. ಗೆರೆ ಮಾತ್ರ ಮೇಲೆಯೇ ಇತ್ತು. ನೆತ್ತಿಯ ಮಟ್ಟಕ್ಕೆ ಎರಡನೆಯ ಗೆರೆ ಎಳೆದ.

"ಬೆಳೆಯದಿದ್ದರೆ ಹೋಗಲಿ, ಇವಳು ಕುಗ್ಗುತ್ತಿದ್ದಾಳೆ ಕಣೇ" ಎಂದ.

ದ್ಯಾಮವ್ವ ಮಗಳನ್ನು ಬಿದಿರಿನಿಂದ ಎಳೆದು ತಬ್ಬಿಕೊಂಡಳು.

ಅದೇ ದಿನ ಇಬ್ಬರೂ ಮಗಳನ್ನು ಕರೆದುಕೊಂಡು ಕೋದಂಡಯ್ಯನ ಬಳಿ ಹೋದರು. ಕೋದಂಡಯ್ಯ ಎಂದರೆ ಅತ್ತಿ ಮರದ ಮೇಲಿನ ಮುಸುವ, ಕರಿಮುಖದ ದೊಡ್ಡ ಕೋತಿ. ಕಾಡಿನಲ್ಲಿ ಯಾರಿಗೆ ಏನೇ ಆದರೂ ಕೇಳುವ ಮೊದಲೇ ಔಷಧಿ ಹೇಳುವುದು ಅವನ ಪದ್ಧತಿ. ಅವನು ಮೋಸಗಾರನಲ್ಲ. ತನಗೆ ಗೊತ್ತಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ, ಅಷ್ಟೇ.

ಕೋದಂಡಯ್ಯ ಮರದಿಂದ ಇಳಿಯಲೂ ಇಲ್ಲ. ಎಲ್ಲವನ್ನೂ ಅರ್ಧ ಕೇಳಿ ಬೋರಪ್ಪನಿಗೇ ಪ್ರಶ್ನೆ ಹಾಕಿದ.

"ಈ ಕಾಡಿನಲ್ಲಿ ಎಲ್ಲಕ್ಕಿಂತ ಬೇಗ ಬೆಳೆಯುವುದು ಯಾವುದು, ಹೇಳು ನೋಡೋಣ."

"ಬಿದಿರು" ಎಂದ ಬೋರಪ್ಪ.

"ಹಾಗಾದರೆ ಅದರ ಎಳೆ ಮೊಳಕೆ, ಕಳಲೆ, ಅದನ್ನು ಜಜ್ಜಿ ರಸ ಕುಡಿಸು. ಬೇಗ ಬೆಳೆಯುವುದು ಹೊಟ್ಟೆಗೆ ಹೋದರೆ ಮಗು ಹೇಗೆ ಬೆಳೆಯುವುದಿಲ್ಲ, ನಾನೂ ನೋಡುತ್ತೇನೆ."

ನೋಡಿದಿರಾ? ಬಿದಿರು ಬೇಗ ಬೆಳೆಯುತ್ತದೆ ಎಂದು ಬೋರಪ್ಪ ತನ್ನ ಬಾಯಿಂದಲೇ ಹೇಳಿದ. ಹೇಳಿಯೂ ತಿಳಿಯಲಿಲ್ಲ. ಹೆದರಿದವರ ಕಿವಿ ತಮ್ಮ ಮಾತನ್ನೇ ಕೇಳಿಸಿಕೊಳ್ಳುವುದಿಲ್ಲ.

ಔಷಧಿಯ ಜೊತೆಗೆ ಪಥ್ಯವೂ ಇತ್ತು. ಗೆದ್ದಲು ನೆಲದ ಹುಳು, ತಿಂದರೆ ಮೈ ನೆಲಕ್ಕೆ ಎಳೆಯುತ್ತದೆ, ಅದು ಬೇಡ. ಜೇನು ಅಂಟು, ಅದೂ ಬೇಡ. ಬೆಳಿಗ್ಗೆ, ಸಂಜೆ ಕೊಂಬೆ ಹಿಡಿಸಿ ಜೋತಾಡಿಸಬೇಕು, ಆಗ ಮೈ ಉದ್ದವಾಗುತ್ತದೆ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಕಳಲೆ ಪಲ್ಯ ಮಾಡುತ್ತಿದ್ದರೆ ಅಡುಗೆ ಮಾಡುವವರನ್ನು ಕೇಳಿ. ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸದೆ ಯಾರೂ ಒಲೆಗೆ ಇಡುವುದಿಲ್ಲ. ಹಸಿ ಕಳಲೆ ಕಹಿ, ಹೊಟ್ಟೆಗೆ ವಿಷ. ಅದರ ರಸವನ್ನು ಉಂಡಿಯ ಬಾಯಿಗೆ ದಿನಕ್ಕೆ ಎರಡು ಸಲ ಹಿಂಡಲಾಯಿತು. ಬೋರಪ್ಪ ತಲೆ ಹಿಡಿದುಕೊಳ್ಳುತ್ತಿದ್ದ, ದ್ಯಾಮವ್ವ ಹಿಂಡುತ್ತಿದ್ದಳು. ಉಂಡಿ ಉಗುಳುತ್ತಿದ್ದಳು, ಅಳುತ್ತಿದ್ದಳು, ಕೊನೆಗೆ ನುಂಗುತ್ತಿದ್ದಳು. ನಿನ್ನ ಒಳ್ಳೆಯದಕ್ಕೇ ಕಣಮ್ಮ ಎಂದು ದ್ಯಾಮವ್ವ ಪ್ರತಿ ಸಲವೂ ಹೇಳುತ್ತಿದ್ದಳು. ಅದು ಸುಳ್ಳಾಗಿರಲಿಲ್ಲ, ಅವಳು ನಂಬಿಯೇ ಹೇಳುತ್ತಿದ್ದಳು.

ಮತ್ತೆ ಎಂಟು ದಿನ ಕಳೆದವು. ಮೂರನೆಯ ಗೆರೆ ಎರಡನೆಯದಕ್ಕಿಂತಲೂ ಕೆಳಗೆ ಬಿತ್ತು. ಬೋರಪ್ಪ ಓಡಿದ. ಕೋದಂಡಯ್ಯ ಅತ್ತಿಹಣ್ಣು ಅಗಿಯುತ್ತ, ರೋಗ ಜೋರಾಗಿದೆ, ರಸವನ್ನೂ ಎರಡರಷ್ಟು ಮಾಡು ಎಂದ. ಮಾಡಿದರು.

ಮೂರನೆಯ ದಿನ ದ್ಯಾಮವ್ವ ಮಗಳನ್ನು ಬೆನ್ನ ಮೇಲೆ ಹೊತ್ತು ಇಳಿಜಾರಿನಲ್ಲಿ ಹೋಗುತ್ತಿದ್ದಾಗ ಉಂಡಿ ಜಾರಿ ಕೆಳಗೆ ಬಿದ್ದಳು. ಕರಡಿಮರಿ ಅಮ್ಮನ ಬೆನ್ನಿನಿಂದ ಬೀಳುವುದಿಲ್ಲ. ಕೂದಲನ್ನು ಹಿಡಿದರೆ ಬಿಡುವುದಿಲ್ಲ. ಉಂಡಿಯ ಕೈಯಲ್ಲಿ ಹಿಡಿಯುವಷ್ಟು ಶಕ್ತಿಯೇ ಇರಲಿಲ್ಲ. ಬಿದ್ದವಳು ಅಳಲೂ ಇಲ್ಲ, ಬಾಯಿಂದ ಹಸಿರು ನೀರು ಕಕ್ಕಿ ಸುಮ್ಮನೆ ಮಲಗಿದಳು.

ಔಷಧಿ ಮೈಗೆ ಹಿಡಿಯಲು ಇನ್ನೂ ಸ್ವಲ್ಪ ದಿನ ಬೇಕು ಎಂದು ಬೋರಪ್ಪ ಬೆಳಿಗ್ಗೆಯಷ್ಟೇ ಹೇಳಿದ್ದ. ದ್ಯಾಮವ್ವ ಅವನನ್ನು ಕೇಳಲು ಹೋಗಲಿಲ್ಲ. ಮಗಳ ಕುತ್ತಿಗೆಯ ತೊಗಲನ್ನು ಮೆಲ್ಲಗೆ ಕಚ್ಚಿ ಎತ್ತಿಕೊಂಡು ನೇರ ನಾಗಮ್ಮನ ಬಿಲಕ್ಕೆ ಹೋದಳು.

ನಾಗಮ್ಮ ಒಂದು ಮುಂಗುಸಿ. ಮುಂಗುಸಿಗೆ ನಾಗಮ್ಮ ಎಂದು ಹೆಸರಿಟ್ಟವರು ಯಾರು ಎಂದು ನನ್ನನ್ನು ಕೇಳಬೇಡಿ. ಗಿಡಮೂಲಿಕೆ ಬಲ್ಲವಳು, ಮಾತು ಕಡಿಮೆ, ಕಾಡೆಲ್ಲ ಅವಳನ್ನು ಡಾಕ್ಟರಮ್ಮ ಎಂದೇ ಕರೆಯುತ್ತಿತ್ತು. ಅವಳು ಮೊದಲು ಉಂಡಿಯ ಬಾಯಿ ಮೂಸಿದಳು, ಹೊಟ್ಟೆ ಒತ್ತಿದಳು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದಳು. ಆಮೇಲೆ ಕೇಳಲು ಶುರು ಮಾಡಿದಳು. ಮೊದಲು ಏನು ತಿನ್ನುತ್ತಿದ್ದಳು, ಆಡುತ್ತಿದ್ದಳೇ, ಹೊಟ್ಟೆಯಲ್ಲಿ ಹುಳು ಇತ್ತೇ, ಅವಳ ಅಜ್ಜಿ ಎಷ್ಟೆತ್ತರ ಇದ್ದರು, ನೀನು ಎಷ್ಟೆತ್ತರ. ದ್ಯಾಮವ್ವ ಎಲ್ಲಕ್ಕೂ ಉತ್ತರ ಹೇಳಿದಳು. ಅವಳೂ ಕುಳ್ಳಿಯೇ, ಅವಳ ತಾಯಿಯೂ ಕುಳ್ಳಿಯೇ.

"ಬೆಳೆಯದ ಮಕ್ಕಳನ್ನು ನಾನು ಕಂಡಿದ್ದೇನೆ" ಎಂದಳು ನಾಗಮ್ಮ. "ಕೆಲವಕ್ಕೆ ನಿಜವಾಗಿ ಕಾಯಿಲೆ ಇರುತ್ತದೆ, ಮದ್ದು ಕೊಟ್ಟರೆ ಬೆಳೆಯುತ್ತವೆ. ವಾರದಿಂದ ವಾರಕ್ಕೆ ಕುಗ್ಗುವ ಮಗುವನ್ನು ಮಾತ್ರ ಕಂಡಿಲ್ಲ. ದ್ಯಾಮವ್ವ, ದಿನವೂ ಇವಳನ್ನು ಹೊರುತ್ತೀಯಲ್ಲ, ನಿನ್ನ ಬೆನ್ನು ಏನು ಹೇಳುತ್ತದೆ?"

"ಮಳೆ ಹಿಡಿದ ಮೇಲೆ ದಿನೇ ದಿನೇ ಭಾರವಾಗುತ್ತಿದ್ದಳು. ನಡುವೆ ಎರಡು ಸಲ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದೆ. ಆ ರಸ ಶುರು ಮಾಡಿದ ಮೇಲೆ ಹಗುರ…"

ದ್ಯಾಮವ್ವ ಮಗಳ ಬಾಯಿಗೆ ಅಂಟಿದ್ದ ಹಸಿರು ನೀರನ್ನು ಒರೆಸಿದಳು.

ರಸ ನಿಂತಿತು, ಜೋತಾಡುವುದು ನಿಂತಿತು. ನಾಗಮ್ಮ ಉಂಡಿಗೆ ಮೊದಲ ದಿನ ನೀರಷ್ಟೇ ಕುಡಿಸಿದಳು, ಮಾರನೆಯ ದಿನ ನಾಲ್ಕು ಗೆದ್ದಲು ನೆಕ್ಕಿಸಿದಳು. ಹೊಟ್ಟೆಯಲ್ಲಿ ಉಳಿಯಿತು. ಆಮೇಲೆ ಆ ಗೆರೆಗಳನ್ನು ತೋರಿಸಿ ಎಂದು ಗವಿಯವರೆಗೆ ಬಂದಳು.

ಬೋರಪ್ಪ ಮೂರು ಗೆರೆಗಳನ್ನೂ ಒಂದೊಂದಾಗಿ ತೋರಿಸಿದ. ಮೊದಲನೆಯದು ಈಗ ಅವನ ಮೂತಿಯ ಹತ್ತಿರ ಹೋಗಿತ್ತು. ನೋಡಿ ಡಾಕ್ಟರಮ್ಮ, ಎಲ್ಲಿದ್ದವಳು ಎಲ್ಲಿಗಿಳಿದಳು ಎಂದು ಕಣ್ಣಲ್ಲಿ ನೀರು ತಂದುಕೊಂಡ. ನಾಗಮ್ಮ ಬಿದಿರನ್ನು ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿದಳು. ಬೋರಪ್ಪನನ್ನೇ ಬಿದಿರಿಗೆ ಬೆನ್ನು ಕೊಟ್ಟು ನಿಲ್ಲಲು ಹೇಳಿ, ಅವನ ನೆತ್ತಿಗೆ ದ್ಯಾಮವ್ವನಿಂದ ಒಂದು ಗೆರೆ ಹಾಕಿಸಿದಳು. ನಾಲ್ಕು ದಿನ ಬಿಟ್ಟು ಬರುತ್ತೇನೆ ಎಂದು ಹೊರಟುಹೋದಳು.

ನಾಲ್ಕು ದಿನ ಬಿಟ್ಟು ಬಂದಳು. ಬೋರಪ್ಪ ಮತ್ತೆ ನಿಂತ. ಗೆರೆ ಅವನ ತಲೆಗಿಂತ ನಾಲ್ಕು ಬೆರಳು ಮೇಲಿತ್ತು. ಅವನು ಬೆನ್ನನ್ನು ನೆಟ್ಟಗೆ ಮಾಡಿದ, ಕತ್ತು ಚಾಚಿದ, ಕೊನೆಗೆ ತುದಿಗಾಲಲ್ಲಿ ನಿಂತ.

"ಬೋರಪ್ಪ, ನೀನೂ ಕುಗ್ಗುತ್ತಿದ್ದೀಯ" ಎಂದಳು ನಾಗಮ್ಮ. "ಕಳಲೆ ರಸ ಹಿಂಡಿಸಲೇ, ಎರಡರಷ್ಟು?"

ಬೋರಪ್ಪ ಬಿದಿರನ್ನು ನೋಡಿದ. ಅದು ಮೂರೂವರೆ ವಾರದ ಕೆಳಗೆ ಅವನ ಸೊಂಟದೆತ್ತರ ಇತ್ತು. ಈಗ ಅದರ ತುದಿ ಕಾಣಲು ತಲೆ ಎತ್ತಬೇಕಾಗಿತ್ತು. ಮರವಾದರೆ ತುದಿಯಲ್ಲಷ್ಟೇ ಉದ್ದವಾಗುತ್ತದೆ, ಕಾಂಡದ ಮೇಲೆ ಹಾಕಿದ ಗುರುತು ಹಾಕಿದಲ್ಲೇ ಉಳಿಯುತ್ತದೆ. ಎಳೆಯ ಬಿದಿರು ಹಾಗಲ್ಲ, ಗೆಣ್ಣು ಗೆಣ್ಣಿನ ನಡುವೆಯೂ ಹಿಗ್ಗುತ್ತದೆ. ಗೆರೆಯನ್ನೂ ಹೊತ್ತುಕೊಂಡೇ ಮೇಲೇಳುತ್ತದೆ. ಮಗಳು ಕುಗ್ಗಿರಲಿಲ್ಲ, ಅಳತೆಗೋಲು ಬೆಳೆದಿತ್ತು.

ಬೋರಪ್ಪನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಆ ಕೋದಂಡಯ್ಯನನ್ನು ಮರದಿಂದ ಕೆಳಗೆಳೆದು ಬರುತ್ತೇನೆ ಎಂದು ಎದ್ದ.

"ಹೋಗುವುದಾದರೆ ಹೋಗು" ಎಂದಳು ನಾಗಮ್ಮ. "ಅವನು ಹೇಳಿದ, ಅಷ್ಟೇ. ಗೆರೆ ಎಳೆದವನು ನೀನು, ತಲೆ ಹಿಡಿದವನೂ ನೀನು."

ಬೋರಪ್ಪ ಕುಳಿತುಕೊಂಡ. ಉಂಡಿ ಇದೇನನ್ನೂ ಗಮನಿಸದೆ ಗವಿಯ ಬಾಗಿಲಲ್ಲಿ ಒಂದು ಸತ್ತ ಜೀರುಂಡೆಯನ್ನು ಉರುಳಿಸುತ್ತಿದ್ದಳು.

ಹೊರಡುವ ಮೊದಲು ನಾಗಮ್ಮ ಗವಿಯ ಒಳಗೆ, ಮಳೆ ತಾಗದ ಬಂಡೆಯ ಮೇಲೆ, ಕೆಮ್ಮಣ್ಣಿನಿಂದ ಉಂಡಿಯ ಎತ್ತರಕ್ಕೆ ಒಂದು ಗುರುತು ಹಾಕಿದಳು. ಬಂಡೆ ಬೆಳೆಯುವುದಿಲ್ಲ. ಎರಡು ತಿಂಗಳು ಬಿಟ್ಟು ಅಳೆಯಿರಿ, ನಡುವೆ ಮುಟ್ಟಬೇಡಿ, ಆಗಲೂ ಗುರುತು ದಾಟದಿದ್ದರೆ ನನ್ನ ಹತ್ತಿರ ಬನ್ನಿ, ಮುಂದೇನು ಎಂದು ನೋಡೋಣ ಎಂದಳು. ಎರಡು ತಿಂಗಳಿಗೆ ಉಂಡಿ ಆ ಗುರುತಿಗಿಂತ ಮೂರು ಬೆರಳು ಮೇಲಿದ್ದಳು. ಆ ವಯಸ್ಸಿನ ಬೇರೆ ಮರಿಗಳ ಪಕ್ಕ ನಿಲ್ಲಿಸಿದರೆ ಕುಳ್ಳಿಯೇ, ಅದರಲ್ಲಿ ಅನುಮಾನವಿಲ್ಲ. ಅಮ್ಮನ ಹಾಗೆ, ಅಜ್ಜಿಯ ಹಾಗೆ. ಅದಕ್ಕೆ ಮದ್ದು ಬೇಕಾಗಿರಲಿಲ್ಲ.

ಮೈ ಸುಧಾರಿಸಿತು, ತೂಕ ಬಂತು. ಒಂದು ಮಾತ್ರ ಮೊದಲಿನಂತಾಗಲಿಲ್ಲ. ದ್ಯಾಮವ್ವ ತನ್ನ ಕೈಯಿಂದ ಏನು ಕೊಟ್ಟರೂ, ಜೇನೇ ಆಗಿರಲಿ, ಉಂಡಿ ಹಿಂದೆ ಸರಿಯುತ್ತಿದ್ದಳು. ಮೂಸುತ್ತಿದ್ದಳು, ಅಮ್ಮನ ಮುಖ ನೋಡುತ್ತಿದ್ದಳು. ದ್ಯಾಮವ್ವ ತಾನು ಒಂದು ತುತ್ತು ತಿಂದು, ನುಂಗಿ, ಬಾಯಿ ತೆರೆದು ತೋರಿಸಿದ ಮೇಲೆಯೇ ಮಗಳು ಬಾಯಿ ತೆರೆಯುತ್ತಿದ್ದಳು. ಮಳೆಗಾಲ ಮುಗಿದು ಚಳಿ ಬಂದರೂ ಹಾಗೆಯೇ ನಡೆಯಿತು. ದ್ಯಾಮವ್ವ ಬೇಸರ ಮಾಡಿಕೊಳ್ಳಲಿಲ್ಲ. ದಿನವೂ ಮೊದಲ ತುತ್ತನ್ನು ತಾನು ತಿಂದು ತೋರಿಸಿ, ಎರಡನೆಯದನ್ನು ಹಿಡಿದುಕೊಂಡು ಮಗಳು ಬರುವವರೆಗೆ ಕಾಯುತ್ತಿದ್ದಳು.

ನೀತಿ: ಮಗುವಿನಲ್ಲಿ ಕೊರತೆ ಕಂಡರೆ ಮೊದಲು ನಿಮ್ಮ ಅಳತೆಗೋಲನ್ನು ಪರೀಕ್ಷಿಸಿ, ಬಲ್ಲವರು ನೋಡಿ ಕಾಯಿಲೆ ಇದೆ ಎಂದ ಮೇಲೆಯೇ ಮದ್ದು ಕೊಡಿ.