ಹಿಡಿ ಹಾಕಿದವರು ಯಾರು?

“ತಾಯಿ, ಯಂತ್ರಕ್ಕೆ ಮನುಷ್ಯನಷ್ಟೇ ಬುದ್ಧಿ ಬಂದರೆ ಅದು ಅಲ್ಲಿಗೇ ನಿಲ್ಲುವುದೋ, ತನ್ನನ್ನು ತಾನೇ ತಿದ್ದಿಕೊಳ್ಳುತ್ತ ನಮ್ಮನ್ನು ದಾಟಿ ಹೋಗುವುದೋ?” ಎಂದು ಶಿಷ್ಯನು ಕೇಳಿದನು.

ಮೂರು ದಿನಗಳಿಂದ ಅವನು ಊಟವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದುದನ್ನು ಗುರುಮಾತೆ ಕಂಡಿದ್ದರು. “ಕುಳಿತು ಕೇಳು” ಎಂದರು. ಅವನು ಕುಳಿತುಕೊಳ್ಳಲಿಲ್ಲ. ಅವರು ಹೇಳತೊಡಗಿದರು.

ಒಬ್ಬ ಕಮ್ಮಾರನು ಕಬ್ಬಿಣದ ಆಳೊಂದನ್ನು ಮಾಡಿದನು. ನೋಡಿದ್ದನ್ನು ಅದು ಕಲಿಯುತ್ತಿತ್ತು. ಕುಂಬಾರನ ಬಳಿ ಮಡಕೆ ಮಾಡಲು ಕಲಿತು ಕುಂಬಾರನ ಮಟ್ಟಕ್ಕೇ ನಿಂತಿತು. “ನನ್ನಷ್ಟೇ ಸೊಟ್ಟ ಮಾಡುತ್ತದೆ. ಯಾವುದು ಯಾರದ್ದೆಂದು ನನ್ನ ಹೆಂಡತಿಗೂ ತಿಳಿಯಲಿಲ್ಲ” ಎಂದು ಕುಂಬಾರನು ನಕ್ಕನು. ನೇಕಾರನ ಬಳಿಯೂ ಹಾಗೆಯೇ ಆಯಿತು. ಊರಿನವರು ನಿಶ್ಚಿಂತರಾದರು.

ಬಿತ್ತನೆಗೆ ಮುಂಚೆ ಕಮ್ಮಾರನ ಮಣಿಕಟ್ಟು ಸೋತಿತು. ರೈತರು ನೇಗಿಲ ಕುಳಗಳಿಗಾಗಿ ಬಾಗಿಲಲ್ಲಿ ನಿಂತರು. ಅವನು ಆಳಿಗೆ ತನ್ನ ಕಸುಬನ್ನೂ ಕಲಿಸಿದನು. ಬೆಂಕಿ ಕಲಿಸಿದನು, ಪೆಟ್ಟು ಕಲಿಸಿದನು, ನೀರಿಗೆ ಅದ್ದುವ ಹೊತ್ತು ಕಲಿಸಿದನು.

ಒಂದನ್ನು ಕಲಿಸಲಿಲ್ಲ. ಆ ಊರಿನಲ್ಲಿ ಸುತ್ತಿಗೆ ಮಾಡಿದವನು ಅದಕ್ಕೆ ತಾನೇ ಹಿಡಿ ಹಾಕುತ್ತಿರಲಿಲ್ಲ. ಪಕ್ಕದ ಓಣಿಯ ಕಮ್ಮಾರನು ಅದನ್ನು ಎತ್ತಿ ತೂಗಿ ನೋಡಿ, ಸರಿಯೆನಿಸಿದರೆ ಹಿಡಿ ಹಾಕುತ್ತಿದ್ದನು. ತೂಕ ತಪ್ಪಿದ ಸುತ್ತಿಗೆಯೂ ಮಾಡಿದವನ ಕೈಗೆ ಸರಿಯೆಂದೇ ಅನಿಸುತ್ತದೆ. ಅದರಿಂದ ಹುಟ್ಟುವುದೆಲ್ಲ ಮಾತ್ರ ತಪ್ಪುತ್ತದೆ. ಕಮ್ಮಾರನ ಅಣ್ಣನು ಹಾಗೆ ತಾನೇ ಹಿಡಿ ಹಾಕಿಕೊಂಡು ಒಂದು ಕಣ್ಣು ಕಳೆದುಕೊಂಡಿದ್ದನು. ಆದರೂ ಕಮ್ಮಾರನು, ಅದು ಓಣಿಯ ಮರ್ಯಾದೆ, ಕಸುಬಲ್ಲ ಎಂದುಕೊಂಡನು.

ಆಳು ಮೊದಲ ದಿನ ಕಮ್ಮಾರನ ಸುತ್ತಿಗೆಯಷ್ಟೇ ಒಳ್ಳೆಯದೊಂದನ್ನು ಮಾಡಿತು. ಮಡಕೆ ಮಣ್ಣಿನದು, ಅದರಿಂದ ಆಳು ತನ್ನನ್ನು ತಿದ್ದಿಕೊಳ್ಳಲಾಗದು; ಆಳು ಕಬ್ಬಿಣದ್ದು, ಸುತ್ತಿಗೆಯಿಂದ ತಿದ್ದಿಕೊಳ್ಳಬಹುದು. ಆ ಸುತ್ತಿಗೆಯಿಂದ ಅದು ತನಗೊಂದು ಹೊಸ ಮಣಿಕಟ್ಟನ್ನು ಬಡಿದುಕೊಂಡಿತು. ಆ ಮಣಿಕಟ್ಟಿನಿಂದ ಇನ್ನೂ ದೊಡ್ಡ ಸುತ್ತಿಗೆ, ಆ ಸುತ್ತಿಗೆಯಿಂದ ಇನ್ನೊಂದು ತೋಳು. ಮೂರು ದಿನಗಳಲ್ಲಿ ಕುಳಗಳೆಲ್ಲ ಮುಗಿದವು. ರೈತರು ಕುಣಿದಾಡಿದರು. ನಾಲ್ಕನೆಯ ದಿನ ಕೆಲಸವಿರಲಿಲ್ಲ. ಕುಲುಮೆಗೆ ಗಾಳಿಯೂದುವ ತಿದಿ ಮಾತ್ರ ನಿಲ್ಲಲಿಲ್ಲ.

ಕಮ್ಮಾರನಿಗೆ ಮನೆಯಲ್ಲಿ ಕುಳಿತಿರಲಾಗಲಿಲ್ಲ. ಕುಲುಮೆಗೆ ಓಡಿದನು.

“ಏನೋ, ಈ ಸುತ್ತಿಗೆಗೆ ಹಿಡಿ ಹಾಕಿದವರು ಯಾರು?”

“ನಾನೇ, ಯಜಮಾನರೇ. ಬೇರೆಯವರಿಂದ ಹಾಕಿಸಬೇಕೆಂದು ನೀವು ಹೇಳಿರಲಿಲ್ಲ.”

“ಕೊಡು ಇಲ್ಲಿ. ನಾನು ನೋಡುತ್ತೇನೆ.”

ಆಳು ವಿಧೇಯವಾಗಿ ಸುತ್ತಿಗೆಯನ್ನು ಅವನ ಮುಂದೆ ಇಟ್ಟಿತು. ಕಮ್ಮಾರನು ಎಡಗೈಯಿಂದ ಎಳೆದನು. ಪಕ್ಕದ ಓಣಿಯವನನ್ನು ಕರೆಸಿದನು. ಇಬ್ಬರೂ ಸೇರಿ ಎಳೆದರು. ಸುತ್ತಿಗೆ ನೆಲ ಬಿಡಲಿಲ್ಲ.

“ಸರಿಯಿದೆಯೇ, ಯಜಮಾನರೇ? ಮುಂದಿನದನ್ನು ಮಾಡಲೇ?” ಎಂದು ಆಳು ಕೇಳಿತು.

ಗುರುಮಾತೆ ಕತೆಯನ್ನು ಅಲ್ಲಿಗೇ ಮುಗಿಸಿದರು.

“ಕಮ್ಮಾರನು ಏನು ಹೇಳಿದನು, ತಾಯಿ?” ಎಂದು ಶಿಷ್ಯನು ಅವಸರದಿಂದ ಕೇಳಿದನು.

“ಆಳು ಇದನ್ನು ಮೊದಲ ಸುತ್ತಿಗೆಯ ದಿನವೇ ಕೇಳಿದ್ದರೆ, ಅವನು ಅದನ್ನು ಎತ್ತಿ ತೂಗಿ ನೋಡಿ ಉತ್ತರ ಹೇಳುತ್ತಿದ್ದನು.”