ಬಾಯಿಗೊಂದು ಕೊಬ್ಬರಿ ಚೂರು

ಹೊಳೆಯಾಚೆ ಒಂದು ಕುಟೀರ. ಅಲ್ಲಿ ಒಬ್ಬಳು ಅವ್ವ. ಅವ್ವ ಪಾಠ ಹೇಳುವುದಿಲ್ಲವೆಂಬುದು ಸುತ್ತಲಿನವರಿಗೆಲ್ಲ ಗೊತ್ತಿತ್ತು. ಆದರೂ ಕಲಿಯಬೇಕೆಂದು ಜನ ಹರಿಗೋಲು ಹತ್ತಿ ಬರುತ್ತಿದ್ದರು.

ಶಿಷ್ಯೆ ಇಂದುಮತಿ ಅಂದು ಮಗಳು ಮೇದಿನಿಯನ್ನೂ ಕರೆತಂದಿದ್ದಳು. ಅಂಗಳಕ್ಕೆ ಬಂದ ಇಂದುಮತಿ ಕೂರಲಿಲ್ಲ. ತುಳಸಿ ಕಟ್ಟೆಗೆ ಸುತ್ತು ಹಾಕತೊಡಗಿದಳು. ಭಕ್ತಿಯಿಂದಲ್ಲ, ತಳಮಳದಿಂದ.

“ಏನೇ ಪುಟ್ಟಿ, ಬಾಯಿ ಮನೆಯಲ್ಲೇ ಬಿಟ್ಟು ಬಂದ್ಯಾ?” ಎಂದಳು ಅವ್ವ.

ಮೇದಿನಿ ಅಮ್ಮನ ಮುಖ ನೋಡಿದಳು. ಹೊಳೆಯ ಕಡೆ ಓಡಿದಳು.

“ನೋಡಿದ್ರಾ ಅವ್ವಾ? ಇದೇ ನನ್ನ ಸಂಕಟ. ಯಾಕೆ, ಏನು, ಎಲ್ಲಿ ಅಂತ ಪ್ರಾಣ ತಿಂತಿದ್ದ ಮಗು. ಈಗ ಒಂದು ಪ್ರಶ್ನೆ ಇಲ್ಲ. ಬದುಕೇ ಕಲಿಸುತ್ತೆ ಅಂದ್ರಿ ನೀವು. ನಂಬಿ ಶಾಲೆ ಬಿಡಿಸಿದೆ. ಸೋಮವಾರ ವಾಪಸ್ ಸೇರಿಸೋಣ ಅಂತಿದಾರೆ ನಮ್ಮನೆಯವರು.”

“ಬದುಕು ಏನು ಕಲಿಸ್ತು?”

“ನಾನೇನು ಕಮ್ಮಿ ಮಾಡಿದೀನಾ? ಈರುಳ್ಳಿ ಹೆಚ್ಚಿದ್ರೆ ಕಣ್ಣೀರು ಯಾಕೆ ಅಂತ ವಿಜ್ಞಾನ. ಸಂತೆಗೆ ಹೋದ್ರೆ ಲೆಕ್ಕ. ಈಗ ಹರಿಗೋಲಲ್ಲಿ ಬರುವಾಗಲೂ ಹೊಳೆ ಹುಟ್ಟೋದೆಲ್ಲಿ, ಸೇರೋದೆಲ್ಲಿ ಅಂತ ಹೇಳ್ತಾನೇ ಬಂದೆ. ಮೊನ್ನೆ ದೋಸೆ ಹುಯ್ದು ವೃತ್ತ, ತ್ರಿಜ್ಯ, ಪರಿಧಿ ಎಲ್ಲ ಹೇಳಿಕೊಟ್ಟೆ.”

“ದೋಸೆ ತಿಂದ್ಳಾ?”

“ಅದು... ಆರಿ ಹೋಗಿತ್ತು.”

ಅವ್ವ ಎಲೆ ಹಾಕಿದಳು. ಅನ್ನ, ಹುರುಳಿ ಸಾರು.

“ಮೊದಲು ಉಣ್ಣು.”

ಇಂದುಮತಿ ತುತ್ತು ಎತ್ತಿದಳು.

“ಹುರುಳಿ ಬೇಯೋಕೆ ಎಷ್ಟು ಹೊತ್ತು ಬೇಕು, ಹೇಳು?”

ಹೇಳಿದಳು. ಮತ್ತೆ ತುತ್ತು ಎತ್ತಿದಳು.

“ಸಾರಿಗೆ ಹಾಕಿದ ಉಪ್ಪು ಕಾಣಿಸ್ತಿಲ್ಲವಲ್ಲ, ಎಲ್ಲಿಗೆ ಹೋಯ್ತು?”

ಅದನ್ನೂ ಹೇಳಿದಳು.

“ಒಂದು ತುತ್ತಿಗೆ ಎಷ್ಟು ಅಗುಳು? ಅಂದಾಜು ಹೇಳು, ಅವಸರವಿಲ್ಲ.”

“ಅಯ್ಯೋ ಅವ್ವಾ! ಒಂದು ತುತ್ತು ನೆಮ್ಮದಿಯಾಗಿ ಉಣ್ಣೋಕೆ ಬಿಡ್ತೀರಾ?”

ಅವ್ವ ಮಜ್ಜಿಗೆ ಬಡಿಸಿದಳು.

ಇಂದುಮತಿಯ ಕೈ ಎಲೆಯ ಮೇಲೆಯೇ ನಿಂತಿತು. ತಾನಾಡಿದ ಮಾತು ತನಗೇ ಕೇಳಿಸಿತು.

ಕೈ ತೊಳೆದು ಬಂದವಳು ಮತ್ತೆ ಅಂಗಳ ಅಳೆಯತೊಡಗಿದಳು.

“ಹಾಗಂತ ಸುಮ್ಮನೆ ಬಿಟ್ರೆ ಕಲೀತಾಳಾ? ನಮ್ಮತ್ತೆ ದಿನಾ ಕೇಳ್ತಾರೆ, ಹದಿನೇಳರ ಮಗ್ಗಿ ಬರುತ್ತಾ ಅಂತ.”

“ನಿಮ್ಮತ್ತೆಗೆ ಬರುತ್ತಾ?”

“ಇಲ್ಲ.”

“ಆದ್ರೂ ನಿನ್ನನ್ನ ಆಳ್ತಾರಲ್ಲ.”

ಇಂದುಮತಿಗೆ ನಗು ಬಂತು. ಕಾಲು ಮಾತ್ರ ನಿಲ್ಲಲಿಲ್ಲ.

ಅಷ್ಟರಲ್ಲಿ ಮೇದಿನಿ ಓಡಿ ಬಂದಳು. ಲಂಗ ಮೊಣಕಾಲ ತನಕ ಒದ್ದೆ.

“ಅಮ್ಮಾ! ಹರಿಗೋಲಿಗೆ ಮುಂದೆ ಯಾವುದು, ಹಿಂದೆ ಯಾವುದು?”

ಇಂದುಮತಿಯ ಕಣ್ಣು ಅರಳಿತು. ಎಷ್ಟು ದಿನದ ಮೇಲೆ! ವೃತ್ತ, ಕೇಂದ್ರ, ನೀರಿನ ಸೆಳೆತ, ಎಲ್ಲವೂ ಒಟ್ಟಿಗೆ ನಾಲಗೆಗೆ ಬಂದು ನಿಂತವು. ಬಾಯಿ ತೆರೆದಳು.

ಅವ್ವ ಆ ಬಾಯಿಗೆ ದಪ್ಪನೆಯ ಕೊಬ್ಬರಿ ಚೂರೊಂದನ್ನು ತುರುಕಿದಳು.

ಒಣ ಕೊಬ್ಬರಿ. ಬೇಗ ಅಗಿದು ಮುಗಿಯುವಂಥದ್ದಲ್ಲ.

ಮೇದಿನಿ ಕಾದಳು. ಅಮ್ಮನ ದವಡೆ ಆಡುವುದನ್ನು ನೋಡುತ್ತ ನಿಂತಳು. ಆಮೇಲೆ ತಾನೇ ಶುರು ಮಾಡಿದಳು.

“ಸುತ್ತಾನೂ ಒಂದೇ ಥರ ಇದೆ ಅಮ್ಮ. ಅದಕ್ಕೆ ಮುಂದೇನೇ ಇಲ್ಲ! ಗಿರಗಿರ ಬೇರೆ ತಿರುಗುತ್ತೆ. ಮತ್ತೆ ಸರಿಯಾಗಿ ಆಚೆ ದಡಕ್ಕೇ ಹೋಗುತ್ತಲ್ಲ, ಹೇಗೆ? ಹುಟ್ಟು ಹಾಕಿದ ಕಡೆಯೇ ಮುಂದೆ ಆಗುತ್ತಾ? ಇರು, ನೋಡ್ಕೊಂಡು ಬರ್ತೀನಿ!”

ಓಡಿದಳು. ಬೇಲಿಯ ಹತ್ತಿರ ತಿರುಗಿ ಕೂಗಿದಳು.

“ನೀನೂ ಬಾ ಅಮ್ಮಾ! ಅಗೀತಾನೇ ಬಾ!”

ಇಂದುಮತಿ ಆಗಲೇ ಒಂದು ಚಪ್ಪಲಿ ಮೆಟ್ಟಿದ್ದಳು. ಇನ್ನೊಂದು ಸಿಗುವ ಹೊತ್ತಿಗೆ ಬಾಯಿ ಅಷ್ಟಿಷ್ಟು ಖಾಲಿಯಾಯಿತು.

“ಅವ್ವಾ, ಸೋಮವಾರ ಶಾಲೆಗೆ?”

ಅವ್ವ ಉಳಿದ ಕೊಬ್ಬರಿಯನ್ನೆಲ್ಲ ಅವಳ ಸೆರಗಿಗೆ ಕಟ್ಟಿದಳು.

“ಸೋಮವಾರಕ್ಕೂ ಸಾಕಾಗುವಷ್ಟಿದೆ. ಅವಳು ಕೇಳಿದಾಗೆಲ್ಲ ಒಂದೊಂದು ಚೂರು ಬಾಯಿಗೆ ಹಾಕ್ಕೋ.”