ಒಂದೊಲೆ ದಿಬ್ಬ

ಕಡವಿನಕೊಪ್ಪದಲ್ಲಿ ಉಪ್ಪಿನ ಆಗರಗಳು ಮುಗಿದು ತೆಂಗಿನ ಸಾಲು ಶುರುವಾಗುವ ಕಡೆ ಒಂದು ಚಿರೆಕಲ್ಲಿನ ದಿಬ್ಬವಿದೆ. ಎತ್ತರವೇನೂ ಇಲ್ಲ, ಮುದುಕನಾದ ನಾನೇ ಏದುಸಿರು ಬಿಡದೆ ಹತ್ತುತ್ತೇನೆ. ಅದರ ನೆತ್ತಿಯ ಮೇಲೆ ಮಸಿ ಹಿಡಿದ ಕಲ್ಲುಗಳು ದುಂಡಗೆ ಕೂತಿವೆ. ಸಂಜೆ ಕಡಲಿಗಿಳಿಯುವ ಸೂರ್ಯನ ಫೋಟೊ ತೆಗೆಯಲು ಬರುವವರು ಆ ಕಲ್ಲುಗಳ ಮೇಲೆ ಚಪ್ಪಲಿಗಾಲಿಟ್ಟು ನಿಲ್ಲುವುದನ್ನು ಕಂಡಾಗ ನನಗೆ ಮೈಯೆಲ್ಲ ಉರಿಯುತ್ತದೆ. ಯಾವುದೋ ರಾಜ ಬೇಟೆಗೆ ಬಂದವನು ಇಲ್ಲಿ ಅಡುಗೆ ಮಾಡಿಸಿದನಂತೆ, ಅದಕ್ಕೇ ಒಂದೊಲೆ ದಿಬ್ಬ ಎಂಬ ಹೆಸರು ಬಂತಂತೆ ಎಂದು ಆಟೋದವರು ಅವರಿಗೆ ಹೇಳಿಬಿಡುತ್ತಾರೆ. ಶುದ್ಧ ಬೊಗಳೆ! ಈ ಜೌಗಿನಲ್ಲಿ ಬೇಟೆಯಾಡಲು ಏಡಿ ಬಿಟ್ಟರೆ ಇನ್ನೇನಿದೆ? ಹೆಸರು ಬಂದದ್ದು ರಾಜನಿಂದಲ್ಲ, ನಮ್ಮ ಕೇರಿಯ ಹೆಂಗಸರಿಂದ.

ಹಿಂದೆ ಒಮ್ಮೆ ಈ ಆಗರಗಳೆಲ್ಲ ಒಬ್ಬನೇ ಒಡೆಯನ ಕೈಯಲ್ಲಿದ್ದವು. ಮಳೆಗಾಲ ಕಳೆದ ಮೇಲೆ ತೂಬು ತೆಗೆದು ಕಡಲ ನೀರನ್ನು ಪಾತಿಗಳಿಗೆ ಬಿಡುವುದು, ಬಿಸಿಲಿಗೆ ಕಟ್ಟಿದ ಉಪ್ಪನ್ನು ಮರದ ಹಲಗೆಯಿಂದ ಎಳೆದು ರಾಶಿ ಹಾಕುವುದು, ಎಲ್ಲವೂ ಕೇರಿಯವರ ಕೆಲಸ. ರಾಶಿಯಲ್ಲಿ ಅರ್ಧ ಒಡೆಯನಿಗೆ, ಅರ್ಧ ಕೇರಿಗೆ ಎಂಬುದು ಅಜ್ಜನ ಕಾಲದಿಂದ ನಡೆದು ಬಂದ ಪದ್ಧತಿ. ಹಳೆಯ ಒಡೆಯ ತೀರಿಕೊಂಡು ಮಗ ಗಾದಿಗೆ ಬಂದ. ಬಂದವನೇ ನಾಲ್ಕರಲ್ಲಿ ಮೂರು ಪಾಲು ತನಗೆ, ಒಂದು ಪಾಲು ಕೇರಿಗೆ ಎಂದು ಡಂಗುರ ಹೊಡೆಸಿದ. ಅವನ ಮನೆಗೆ ಎರಡನೆಯ ಉಪ್ಪರಿಗೆ ಏಳುತ್ತಿತ್ತು. ಕೇರಿಯವರ ಪಾದಗಳು ಉಪ್ಪು ತಿಂದು ಬಿರಿದು ರಕ್ತ ಸೋರುತ್ತಿತ್ತು. ಅರ್ಧ ಪಾಲು ಸಿಗುವ ತನಕ ಹಲಗೆ ಮುಟ್ಟುವುದಿಲ್ಲ ಎಂದು ಇಡೀ ಕೇರಿ ಗ್ರಾಮದೇವತೆಯ ಮುಂದೆ ಆಣೆ ಮಾಡಿತು. ಆ ಹೊತ್ತಿಗೆ ಪಾತಿಗಳಲ್ಲಿ ಉಪ್ಪು ಬೆಳ್ಳಗೆ ಕಟ್ಟಿ ನಿಂತಿತ್ತು. ಮೊದಲ ಮಳೆ ಬೀಳುವ ಮುನ್ನ ಎಳೆಯದಿದ್ದರೆ ಅದಷ್ಟೂ ನೀರುಪಾಲು. ಮಳೆ ಬರುವ ತನಕ ಕೇರಿ ಒಂದಾಗಿ ನಿಲ್ಲುತ್ತದೆಯೇ ಎಂಬುದೊಂದೇ ಪ್ರಶ್ನೆ.

ಒಡೆಯ ಹೊಡೆದಾಟಕ್ಕೆ ಇಳಿಯಲಿಲ್ಲ, ಆ ಮಟ್ಟಿಗೆ ಚಾಲಾಕಿ ಮನುಷ್ಯ. ಸಂಜೆಯಾದರೆ ಅವನ ಪಾರುಪತ್ಯಗಾರ ಉಪ್ಪರಿಗೆಯ ಕಿಟಕಿಯಲ್ಲಿ ಕೂತು ಕೇರಿಯ ಹೊಗೆ ನೋಡುತ್ತಿದ್ದ. ಮುಸ್ಸಂಜೆಯಲ್ಲಿ ಮಾಡಿನಿಂದ ಹೊಗೆ ಏಳದ ಮನೆಯೆಂದರೆ ನಮ್ಮ ಕಡೆ ದೊಡ್ಡ ಅವಮಾನ. ಅದಕ್ಕೇ ಅಕ್ಕಿ ಖಾಲಿಯಾದ ಮನೆಯವರೂ ಒಲೆ ಹೊತ್ತಿಸಿ, ಬರೀ ನೀರು ಕುದಿಯಲಿಟ್ಟು, ಮೇಲೆ ಮುಚ್ಚಳ ಮುಚ್ಚಿ ಮಾನ ಉಳಿಸಿಕೊಳ್ಳುತ್ತಿದ್ದರು. ನೆರೆಯವರು ಅದನ್ನು ನಂಬಿದರು. ಪಾರುಪತ್ಯಗಾರ ನಂಬಲಿಲ್ಲ. ಕುಚ್ಚಲಕ್ಕಿ ಬೇಯಲು ಎಷ್ಟು ಹೊತ್ತು ಬೇಕೆಂದು ಅವನಿಗೆ ಗೊತ್ತಿತ್ತು. ಯಾವ ಮನೆಯ ಹೊಗೆ ಬೇಗ ನಿಂತಿತೋ ಆ ಮನೆಯ ಬಾಗಿಲಿಗೆ ಮರುದಿನ ಬೆಳಿಗ್ಗೆ ಹುಲ್ಲಿನಲ್ಲಿ ಬಿಗಿದು ಕಟ್ಟಿದ ಒಂದು ಅಕ್ಕಿ ಮುಡೆ ಬಂದು ಕೂರುತ್ತಿತ್ತು. ಬೈಗುಳವಿಲ್ಲ, ಬೆದರಿಕೆಯಿಲ್ಲ. ಉಂಡು ಬಂದು ಹಲಗೆ ಹಿಡಿಯಿರಿ ಎಂಬ ಬೆಲ್ಲ ಸವರಿದ ಮಾತು ಬೇರೆ.

ಮೊದಲು ಮುಡೆ ಬಂದದ್ದು ಸುಕ್ರುವಿನ ಮನೆಗೆ. ಅವನ ಹೆಂಡತಿ ಸಾತು ಹಸಿ ಬಾಣಂತಿ, ಎದೆಯಲ್ಲಿ ಹಾಲು ಬತ್ತಿತ್ತು. ಅವನು ಮುಡೆ ಒಳಗೆ ತೆಗೆದುಕೊಂಡ; ತೆಗೆದುಕೊಂಡ ಮೇಲೆ ಹಲಗೆ ಹಿಡಿದು ಆಗರಕ್ಕಿಳಿದ. ಊರೇ ಉರಿದುಬಿತ್ತು. ಅದೇ ದಿನ ಕೇರಿ ಈ ದಿಬ್ಬದ ಮೇಲೆ ಸೇರಿ, ಸುಕ್ರುವಿಗೆ ನೀರು ಬೆಂಕಿ ಕೊಡಬಾರದು, ಅವನನ್ನು ಕೇರಿಯಿಂದ ಹೊರಗೆ ಹಾಕಬೇಕು ಎಂದು ಕೂಗಾಡಿತು. ಆಗ ಎದ್ದು ನಿಂತವಳು ಬೊಮ್ಮಕ್ಕ. ಸುಕ್ರುವಿನ ಒಡಹುಟ್ಟಿದ ಅಕ್ಕ, ಅವನ ಪಕ್ಕದ ಮನೆಯವಳು. ತಮ್ಮನ ಪರ ವಹಿಸುತ್ತಾಳೆ ಎಂದುಕೊಂಡರು. ಅವಳು ತಮ್ಮನನ್ನು ಬೈಯಲೂ ಇಲ್ಲ, ಬಿಟ್ಟುಕೊಡಲೂ ಇಲ್ಲ ಎನ್ನುತ್ತಾರೆ.

“ಇವನ ಒಲೆ ಹೊಗೆ ಬೇಗ ನಿಂತದ್ದು ಅಷ್ಟು ದೂರದ ಉಪ್ಪರಿಗೆಗೆ ಕಂಡ್ತು. ಮಗ್ಗುಲ ಮನೆಯವಳು ನಾನು, ನಂಗೆ ಕಾಣಲಿಲ್ಲ. ನಮ್ಮನೇಲಿ ಆವತ್ತು ಗಂಜಿ ಮಿಕ್ಕಿತ್ತು. ಹೊರಗೆ ಹಾಕೂದಾದ್ರೆ ಮೊದ್ಲು ನನ್ನ ಹಾಕಿ.”

ಅಷ್ಟು ಹೇಳಿ ದರದರನೆ ಮನೆಗೆ ಹೋದಳು. ಒಲೆಯ ಮೂರೂ ಗುಂಡುಕಲ್ಲುಗಳನ್ನು ಕಿತ್ತು ಸೆರಗಿನಲ್ಲಿ ಕಟ್ಟಿ ದಿಬ್ಬಕ್ಕೆ ಹೊತ್ತು ತಂದಳು. ಬಾಳುವ ಮನೆಯ ಒಲೆ ಕೀಳುವುದೆಂದರೆ ಸಾವು ಕರೆದಂತೆ ಎಂದು ನಂಬಿದ ಕಾಲ ಅದು. ಅವಳ ಅತ್ತೆ ಹಿಂದಿನಿಂದ ಅಯ್ಯಯ್ಯೋ ಎಂದು ಬಾಯಿ ಬಡಿದುಕೊಳ್ಳುತ್ತ ಓಡಿ ಬಂದಳಂತೆ. ಬೊಮ್ಮಕ್ಕ ತಿರುಗಿ ನೋಡಲಿಲ್ಲ. ಇನ್ನು ಮೇಲೆ ಕೇರಿಗೆಲ್ಲ ಒಂದೇ ಒಲೆ, ಒಂದೇ ಹೊಗೆ, ಯಾರ ಹೊಟ್ಟೆ ಖಾಲಿ ಎಂದು ಅವನು ಹೇಗೆ ಹುಡುಕುತ್ತಾನೋ ಹುಡುಕಲಿ ಎಂದಳು. ಒಬ್ಬರಾದ ಮೇಲೆ ಒಬ್ಬರು ಹೆಂಗಸರು ಎದ್ದು ಹೋಗಿ ತಮ್ಮ ತಮ್ಮ ಒಲೆ ಕಿತ್ತು ತಂದರು. ಕೊನೆಗೆ ಅತ್ತೆಯೂ ಸೌದೆ ಹೊರೆ ತಂದು ಹಾಕಿ, ಉರಿ ಸರಿಯಾಗಿ ಹಚ್ಚೂಕೆ ಬರೂದಿಲ್ಲ ನಿಮ್ಗೆ ಎಂದು ಗೊಣಗುತ್ತ ತಾನೇ ಊದಲು ಕೂತಳು.

ಆದರೆ ಮೊದಲ ಸಂಜೆಯೇ ಇನ್ನೊಂದು ತೊಡಕು ಬಂತು. ಅಕ್ಕಿ ಇದ್ದವರು ದಿಬ್ಬಕ್ಕೆ ಬಂದರು, ಇಲ್ಲದವರು ನಾಚಿಕೆಯಿಂದ ಮನೆಯಲ್ಲೇ ಉಳಿದರು. ಒಡೆಯನ ಅಕ್ಕಿ ಬಿಟ್ಟರೆ ಬೇರೆ ಕಾಳಿಲ್ಲದ ಸಾತು ಮಗುವನ್ನು ತಬ್ಬಿಕೊಂಡು ಬಾಗಿಲ ಹಿಂದೆ ಕೂತಿದ್ದಳು. ಬೊಮ್ಮಕ್ಕ ಯೋಚಿಸಿ ಒಂದು ದೊಡ್ಡ ಮಣ್ಣಿನ ಹರವಿ ತರಿಸಿ, ಅದರ ಬಾಯಿಗೆ ದಪ್ಪ ಬಟ್ಟೆ ಹೊದಿಸಿದಳು. ಉಣ್ಣಲು ಬರುವವರೆಲ್ಲ ಮುಷ್ಟಿ ಬಿಗಿಹಿಡಿದು ಬರಬೇಕು, ಬಟ್ಟೆಯ ಅಡಿಯಲ್ಲಿ ಕೈ ಇಟ್ಟು, ಅಕ್ಕಿಯಿದ್ದರೆ ಬಿಟ್ಟು, ಕೈ ಹೊರತೆಗೆಯಬೇಕು. ತುಂಬಿದ ಮುಷ್ಟಿಯೋ ಬರಿ ಮುಷ್ಟಿಯೋ ಕೇಳುವಂತಿಲ್ಲ, ನೋಡುವಂತಿಲ್ಲ. ಸುಕ್ರು ಉಳಿದ ಅಕ್ಕಿಯ ಮುಡೆಯನ್ನು ಹೊತ್ತೊಯ್ದು ಒಡೆಯನ ಅಂಗಳದಲ್ಲಿ ಬಿಸಾಕಿ ಬಂದ. ಸಾತು ಮುಷ್ಟಿ ಕಟ್ಟಿಕೊಂಡು ಬಂದು ಹರವಿಯಲ್ಲಿ ಕೈಯಿಟ್ಟಳು. ಅವಳಿಗೂ ಎಲ್ಲರಷ್ಟೇ ಗಂಜಿ ಬಡಿಸಿದರು. ಮನೆಯಲ್ಲಿ ಕಾಳಿದ್ದವರು ಒಂದು ಸುತ್ತು ಹಾಕಿ ಬಂದು ಮತ್ತೆ ಮುಷ್ಟಿ ಹಾಕುತ್ತಿದ್ದರು ಎನ್ನುತ್ತಾರೆ. ಅಕ್ಕಿ ತೀರಿದಾಗ ಅಳಿವೆಯ ಚಿಪ್ಪುಮೀನು ಬಳಚು ಬಂತು, ಕೆಸುವಿನ ಗೆಡ್ಡೆ ಬಂತು. ಕಿಟಕಿಯಲ್ಲಿ ಕೂತ ಪಾರುಪತ್ಯಗಾರ ಒಂದೇ ಹೊಗೆಯನ್ನು ನೋಡಿ ನೋಡಿ ಕಣ್ಣು ಉಜ್ಜಿಕೊಂಡ. ಮುಡೆ ಯಾರ ಬಾಗಿಲಲ್ಲಿಡಬೇಕೆಂದು ತಿಳಿಯದೆ ಇಡುವುದನ್ನೇ ಬಿಟ್ಟ.

ಕಡೆಗೂ ಕಡಲ ಕಡೆಯಿಂದ ಮೋಡ ಕಟ್ಟಿತು. ಒಡೆಯನೇ ಆಗರದ ದಂಡೆಗೆ ಓಡಿ ಬಂದು, ಎಳೆಯಿರಿ, ಮೂರರಲ್ಲಿ ಒಂದು ಪಾಲು ಕೊಡುತ್ತೇನೆ ಎಂದ. ಯಾರೂ ಇಳಿಯಲಿಲ್ಲ. ಮಳೆ ಬಿತ್ತು. ತಾವೇ ಕಟ್ಟಿ ಬೆಳೆಸಿದ ಉಪ್ಪು ಕಣ್ಣೆದುರೇ ಕರಗುವುದನ್ನು ನೋಡಲಾಗದೆ ಗಂಡಸರೂ ಹೆಂಗಸರೂ ಗಳಗಳನೆ ಅತ್ತರು. ಸುಕ್ರುವಿನ ಕೈ ತಡೆಯದೆ ಹಲಗೆಯತ್ತ ಹೋಯಿತು. “ಅಳೂದಾದ್ರೆ ಅಳು ತಮ್ಮಾ, ಕೈ ಮಾತ್ರ ಹಾಕಬೇಡ,” ಎಂದು ಬೊಮ್ಮಕ್ಕ ಅವನ ರಟ್ಟೆ ಹಿಡಿದು ನಿಂತಳು. ಅವಳ ಕಣ್ಣಲ್ಲೂ ನೀರು. ಮಳೆಗಾಲವಿಡೀ ತೆಂಗಿನ ಮಡಲಿನ ಮಾಡಿನ ಕೆಳಗೆ ಆ ಒಲೆ ಆರಲಿಲ್ಲ. ಮಳೆ ಕಳೆದು ತೂಬು ತೆಗೆಯುವ ಕಾಲ ಬಂದಾಗ ತೆಗೆಯಲು ಒಬ್ಬ ಆಳೂ ಸಿಗದೆ, ಒಡೆಯ ತಾನೇ ದಿಬ್ಬ ಹತ್ತಿ ಬಂದು ಅರ್ಧ ಪಾಲಿಗೆ ಒಪ್ಪಿಕೊಂಡ.

ಈಗ ಒಡೆಯನೂ ಇಲ್ಲ, ಅವನ ಉಪ್ಪರಿಗೆಯೂ ಇಲ್ಲ. ವರ್ಷದ ಮೊದಲ ಉಪ್ಪು ಎಳೆಯುವ ದಿನ ಮಾತ್ರ ಕೇರಿಯ ಯಾವ ಮನೆಯಲ್ಲೂ ಗ್ಯಾಸ್ ಹೊತ್ತಿಸುವುದಿಲ್ಲ. ದಿಬ್ಬದ ಮೇಲೆ ಒಂದೇ ಒಲೆಯ ಗಂಜಿ. ಆ ದಿನ ಬಂದ ಪರವೂರಿನವರಿಗೂ ಹರವಿ ತೋರಿಸಿ, ಮುಷ್ಟಿ ಹಾಕಿ ಬನ್ನಿ ಎನ್ನುತ್ತಾರೆ. ಹೋದ ವರ್ಷ ಯಾರೋ ಒಬ್ಬರು ನಾಚಿಕೊಂಡು, ನಾನು ಏನೂ ತಂದಿಲ್ಲವಲ್ಲಮ್ಮ ಎಂದು ಬರಿಗೈ ಚಾಚಿ ತೋರಿಸಿದರು. ಬಡಿಸುತ್ತಿದ್ದ ಹೆಂಗಸು ಥಟ್ಟನೆ ಆ ಕೈ ಮಡಚಿ ಮುಷ್ಟಿ ಮಾಡಿಸಿದಳು. “ತೋರಿಸಬೇಡಿ, ಹಾಕಿ ಬನ್ನಿ. ಗಂಜಿ ಆರ್ತದೆ,” ಎಂದಳು.